ಕೆಂಪಿನ ಪದಕ ಯಾರ ಪಾಲು? ಮಾಟುಂಗದ ಒಂದು ಉಯಿಲಿನ ಪ್ರಕರಣ

ಮುಂಬಯಿಯ ಮಾಟುಂಗದಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿದ್ದ, ಮೂಲತಃ ಉಡುಪಿ ಕಡೆಯ ಕುಟುಂಬವೊಂದರ ತಾಯಿ ತೀರಿಕೊಂಡ ಮೇಲೆ, ಅವರ ಉಯಿಲಿನ ಒಂದೇ ಒಂದು ವಾಕ್ಯದಿಂದ ಇಬ್ಬರು ಹೆಣ್ಣುಮಕ್ಕಳ ನಡುವೆ ಮಾತು ನಿಂತುಹೋಗಿತ್ತು. ಮನೆ, ಠೇವಣಿ, ಬರೀ ಚಿನ್ನದ ಒಡವೆ ಇವೆಲ್ಲ ತಕರಾರಿಲ್ಲದೆ ಹಂಚಿಹೋಗಿದ್ದವು. ಉಳಿದದ್ದು ಹರಳಿನ ಒಡವೆಗಳ ಒಂದು ಪೆಟ್ಟಿಗೆ. 1999ರಲ್ಲಿ ಫೋರ್ಟಿನ ಒಂದು ಕಚೇರಿಯಲ್ಲಿ ಪರಿಚಯದವರೊಬ್ಬರಿಂದ ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ್ದ ಆ ಉಯಿಲಿನಲ್ಲಿ, 'ಪ್ರೆಷಸ್' ಹರಳಿನ ಒಡವೆಗಳು ಹಿರಿಯ ಮಗಳಿಗೆ, 'ಸೆಮಿ ಪ್ರೆಷಸ್' ಹರಳಿನವು ಕಿರಿಯ ಮಗಳಿಗೆ ಎಂದಿತ್ತು. ಯಾವ ಒಡವೆ ಯಾವುದು ಎಂದು ಪಟ್ಟಿ ಮಾಡಿರಲಿಲ್ಲ. ಹರಳು ಪರೀಕ್ಷೆಯೇ ನನ್ನ ವೃತ್ತಿಯಾದ್ದರಿಂದ ಪೆಟ್ಟಿಗೆ ನನ್ನ ಮೇಜಿಗೆ ಬಂತು. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಇದನ್ನು ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ನಾಲ್ಕು ಒಡವೆಗಳಿದ್ದವು. ಇಪ್ಪತ್ತೊಂದು ಕೆಂಪು ಹರಳುಗಳನ್ನು ಕೂರಿಸಿದ, ಅಜ್ಜಿಯ ಕಾಲದ ಕೊರಳ ಅಡ್ಡಿಕೆ; ಒಂದೇ ದೊಡ್ಡ ಕೆಂಪು ಹರಳಿನ ಪದಕ; ತಂದೆಯವರು ತೊಡುತ್ತಿದ್ದ ವೈಡೂರ್ಯದ ಉಂಗುರ; ಎರಡೆಳೆಯ ಮುತ್ತಿನ ಸರ. ಅಡ್ಡಿಕೆ ಹಿರಿಯಳದೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಜಗಳವೆಲ್ಲ ಪದಕದ ಮೇಲೆ. ಮನೆಯಲ್ಲಿ ಅದನ್ನು 'ಕೆಂಪಿನ ಪದಕ'ವೆಂದೇ ಕರೆಯುತ್ತಿದ್ದುದರಿಂದ ಅದು ಮಾಣಿಕ್ಯ, ಆದ್ದರಿಂದ ತನ್ನದು ಎಂದು ಹಿರಿಯಳು ಹೇಳಿದರೆ, ಯಾರೋ ಚಿನ್ನದಂಗಡಿಯವರು ಎಂದೋ ಅದು ಮಾಣಿಕ್ಯವಲ್ಲ ಎಂದಿದ್ದನ್ನು ಅಮ್ಮನ ಬಾಯಿಂದಲೇ ಕೇಳಿದ್ದಾಗಿ ಕಿರಿಯಳು ಹೇಳಿದರು. ಇಬ್ಬರೂ ನನ್ನಿಂದ ಬಯಸಿದ್ದು ವರದಿಯಲ್ಲಿ ಒಂದು ಪದ. ನಾನು ಮೊದಲ ದಿನವೇ ತಿಳಿಸಿದ್ದೇನೆಂದರೆ, ಹರಳಿನ ವರದಿಯಲ್ಲಿ ಖನಿಜ ಯಾವುದು, ನೈಸರ್ಗಿಕವೋ ಕೃತಕವೋ, ತೂಕವೆಷ್ಟು, ಬಣ್ಣವೇನು, ಅದನ್ನು ಚೆಂದಗಾಣಿಸಲು ಶಾಖ ಕೊಟ್ಟಿದ್ದಾರೆಯೇ, ಬಿರುಕಿಗೆ ಏನಾದರೂ ತುಂಬಿದ್ದಾರೆಯೇ ಎಂಬುದಕ್ಕೆಲ್ಲ ಜಾಗವಿದೆ. ಅಮೂಲ್ಯ, ಅರೆ ಅಮೂಲ್ಯ ಎಂದು ಬರೆಯಲು ಜಾಗವೇ ಇಲ್ಲ.

ಪದಕದ ಪರೀಕ್ಷೆ ಸುಲಭವಿತ್ತು. ಹಿಂಬದಿ ತೆರೆದ, ನಾಲ್ಕು ಕೊಕ್ಕೆಗಳ ಕಟ್ಟು ಅದು. ಕಾರ್ಕಳ ಕಡೆಯಿಂದ ಬಂದು ದಾದರಿನಲ್ಲಿ ಕೆಲಸ ಮಾಡುವ ಆಚಾರ್ರೊಬ್ಬರು ಕೊಕ್ಕೆಗಳನ್ನು ನಾಜೂಕಾಗಿ ಎತ್ತಿ ಹರಳನ್ನು ಬಿಡಿಸಿಕೊಟ್ಟರು. ತೂಕ 4.12 ಕ್ಯಾರೆಟ್. ಹರಳಿನೊಳಗೆ ಬೆಳಕು ಎಷ್ಟು ಬಾಗುತ್ತದೆಂದು ಅಳೆಯುವ ರಿಫ್ರಾಕ್ಟೋಮೀಟರಿನ ಮೇಲಿಟ್ಟರೆ ಒಂದೇ ನೆರಳು, 1.718ರಲ್ಲಿ. ಮಾಣಿಕ್ಯವಾಗಿದ್ದರೆ ಬೆಳಕು ಎರಡಾಗಿ ಸೀಳಿ 1.762 ಮತ್ತು 1.770ರ ಆಸುಪಾಸಿನಲ್ಲಿ ಎರಡು ನೆರಳು ಬೀಳಬೇಕಿತ್ತು. ನೀರಿನಲ್ಲಿ ತೂಗಿ ನೋಡಿದಾಗ ಸಾಪೇಕ್ಷ ಸಾಂದ್ರತೆ 3.60 ಬಂತು, ಮಾಣಿಕ್ಯಕ್ಕೆ ಅದು 4.00. ಸೂಕ್ಷ್ಮದರ್ಶಕದ ಕೆಳಗೆ ಹರಳಿನ ಒಂದು ಮೂಲೆಯಲ್ಲಿ, ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಕೂಡಿಸಿದಂತಿರುವ ಎಂಟು ಮುಖದ ಸಣ್ಣ ಸಣ್ಣ ಸ್ಫಟಿಕಗಳು ಬೆರಳಚ್ಚಿನ ಗೆರೆಗಳಂತೆ ಸಾಲುಗಟ್ಟಿದ್ದವು. ಅಷ್ಟು ಸಾಕಿತ್ತು. ಅದು ನೈಸರ್ಗಿಕ ಸ್ಪಿನೆಲ್, ಶಾಖ ಕೊಟ್ಟ ಗುರುತಿಲ್ಲದ, ದಾಸವಾಳದ ಎಸಳಿನ ಒಳಬುಡದ ಕೆಂಪಿನ ಹರಳು. ಜವೇರಿ ಬಜಾರಿನ ಮಾತಿನಲ್ಲಿ ಹೇಳುವುದಾದರೆ ಲಾಲಡಿ.

ಮಾಣಿಕ್ಯ ಮತ್ತು ಸ್ಪಿನೆಲ್‌ಗಳ ನಂಟನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪ್ರಕರಣದ ಗಂಟು ಇರುವುದೇ ಅಲ್ಲಿ. ಮಾಣಿಕ್ಯವು ಅಲ್ಯೂಮಿನಿಯಂ ಆಕ್ಸೈಡ್. ಸ್ಪಿನೆಲ್‌ನಲ್ಲಿ ಅದರ ಜೊತೆಗೆ ಮೆಗ್ನೀಸಿಯಂ ಸೇರಿಕೊಂಡಿರುತ್ತದೆ. ಎರಡಕ್ಕೂ ಕೆಂಪು ಬರುವುದು ಕ್ರೋಮಿಯಂನಿಂದ. ಬರ್ಮಾದ ಮೊಗೋಕ್‌ನಲ್ಲಿ ಎರಡೂ ಅಮೃತಶಿಲೆಯ ಬಂಡೆಯಲ್ಲೇ ಹುಟ್ಟಿ, ಅದೇ ಹೊಳೆಯ ಗರಸಿನಲ್ಲಿ ಅಕ್ಕಪಕ್ಕ ಸಿಗುತ್ತವೆ. ಗಡಸುತನದಲ್ಲಿ ಮಾಣಿಕ್ಯ ಮೋಹ್ಸ್ ಮಾಪಕದ 9, ಸ್ಪಿನೆಲ್ 8. ಬರಿಗಣ್ಣಿಗೆ ವ್ಯತ್ಯಾಸ ತಿಳಿಯದ ಕಾರಣ ಶತಮಾನಗಳ ಕಾಲ ಎರಡನ್ನೂ ಒಂದೇ ಎಂದು ತಿಳಿದಿದ್ದರು. ಅವು ಬೇರೆ ಬೇರೆ ಖನಿಜಗಳೆಂದು 1783ರಲ್ಲಿ ಬಿಡಿಸಿ ತೋರಿಸಿದವನು ಫ್ರಾನ್ಸಿನ ರೋಮೆ ದ ಲಿಲ್. ಬ್ರಿಟನ್ನಿನ ರಾಜಕಿರೀಟದ ಮುಂಭಾಗದಲ್ಲಿರುವ, 'ಬ್ಲ್ಯಾಕ್ ಪ್ರಿನ್ಸನ ಮಾಣಿಕ್ಯ'ವೆಂದು ಹೆಸರಾದ ಸುಮಾರು 170 ಕ್ಯಾರೆಟಿನ ಹರಳು ಸ್ಪಿನೆಲ್. ಮೊಘಲ ಬಾದಶಹರು ತಮ್ಮ ಹೆಸರು ಕೆತ್ತಿಸಿಕೊಂಡ 'ತೈಮೂರ್ ಮಾಣಿಕ್ಯ'ವೂ ಸ್ಪಿನೆಲ್. ಇಂದಿನ ಅಫ್ಘಾನಿಸ್ತಾನ, ತಜಿಕಿಸ್ತಾನಗಳ ಗಡಿಯ ಬದಖ್‌ಶಾನಿನಿಂದ ಬರುತ್ತಿದ್ದ ಈ ಲಾಲ್‌ಗಳನ್ನು ಮೊಘಲರ ಆಸ್ಥಾನದಲ್ಲಿ ಯಾರೂ ಎರಡನೆಯ ದರ್ಜೆಯವೆಂದು ಬಗೆಯುತ್ತಿರಲಿಲ್ಲ. ರಸಾಯನಶಾಸ್ತ್ರ ಬೇರೆ ಹೆಸರಿಟ್ಟ ಮೇಲೆ, ಹರಳು ಹಾಗೆಯೇ ಇದ್ದರೂ, ಅದರ ಅಂತಸ್ತು ಇಳಿಯಿತು.

ಅಡ್ಡಿಕೆಯ ಪರೀಕ್ಷೆಗೆ ಎರಡು ದಿನ ಹಿಡಿಯಿತು. ಹಳೆಯ ಪದ್ಧತಿಯ ಹಿಂಬದಿ ಮುಚ್ಚಿದ ಕಟ್ಟಿನಲ್ಲಿ ಹರಳಿನ ಕೆಳಗೆ ಬೇಗಡೆ, ಅದರ ಕೆಳಗೆ ಅರಗು ಇರುತ್ತದೆ. ಬೆಳಕು ಹರಳಿನ ಮೂಲಕ ಹಾದುಹೋಗುವ ದಾರಿಯೇ ಇಲ್ಲದ್ದರಿಂದ ಅರ್ಧ ಉಪಕರಣಗಳು ಕೆಲಸಕ್ಕೆ ಬರುವುದಿಲ್ಲ. ಮೊದಲು ಕೋಣೆ ಕತ್ತಲೆ ಮಾಡಿ ಅತಿನೇರಳೆ ದೀಪದ ಕೆಳಗೆ ಹಿಡಿದೆವು. ಇಪ್ಪತ್ತೊಂದರಲ್ಲಿ ಹದಿಮೂರು ಹರಳುಗಳು ಗಾಳಿ ಊದಿದ ಕೆಂಡದಂತೆ ಒಂದೇ ಸಮನೆ ಉರಿದವು, ಐದು ಮಂಕಾಗಿ ಮಿನುಗಿದವು, ಮೂರು ಕರ್ರಗೆ ಉಳಿದವು. ಹಿರಿಯ ಮಗಳು ಅಲ್ಲೇ ನಿಂತಿದ್ದರು. ಉರಿಯುತ್ತಿರುವುದೇ ಒಳ್ಳೆಯ ಮಾಣಿಕ್ಯವಿರಬೇಕೆಂದು ಅವರಿಗೆ ಸಂತೋಷವಾಯಿತು. ಅದು ತಿರುವುಮುರುವಾಗಿರುವ ಸಾಧ್ಯತೆಯೇ ಹೆಚ್ಚೆಂದು ಹೇಳುವುದು ನನಗೆ ಸುಲಭವಾಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಆ ಹದಿಮೂರರೊಳಗೆ ಗ್ರಾಮೊಫೋನ್ ತಟ್ಟೆಯ ಗೆರೆಗಳಂಥ ಬಾಗಿದ ಗೆರೆಗಳೂ ಗುಂಡನೆಯ ಗಾಳಿಗುಳ್ಳೆಗಳೂ ಕಂಡವು. ಇದು ವರ್ನೂಯಿ ಎಂಬ ಫ್ರೆಂಚ್ ರಸಾಯನಜ್ಞ 1902ರಲ್ಲಿ ಪ್ರಕಟಿಸಿದ, ಜ್ವಾಲೆಯಲ್ಲಿ ಪುಡಿಯನ್ನು ಕರಗಿಸಿ ಹರಳು ಬೆಳೆಸುವ ವಿಧಾನದ ಗುರುತು. ಕರ್ರಗೆ ಉಳಿದ ಮೂರು ಬರೀ ಗಾಜು. ಎಂದೋ ಬಿದ್ದುಹೋದ ಹರಳಿನ ಜಾಗಕ್ಕೆ ಯಾರೋ ತುಂಬಿದ್ದು. ಮಿನುಗಿದ ಐದು ಮಾತ್ರ ಭೂಮಿಯಿಂದ ಬಂದವು.

ಆ ಐದರಲ್ಲಿ ನಡುವಿನದೇ ದೊಡ್ಡದು. ಅದನ್ನು ಬಿಡಿಸಲು ಹಿರಿಯಳ ಒಪ್ಪಿಗೆ ಸಿಕ್ಕಿದ ಮೇಲೆ ಆಚಾರ್ರು ಕಟ್ಟಿನ ಅಂಚನ್ನು ಉಳಿಯ ತುದಿಯಿಂದ ಕೂದಲೆಳೆಯಷ್ಟು ಹಿಂದೆ ಸರಿಸಿ, ಸ್ವಲ್ಪವೇ ಬಿಸಿ ತೋರಿಸಿದರು. ಅರಗು ಮೆತ್ತಗಾಗಿ ಹರಳು ಕೈಗೆ ಬಂತು. ಅದರ ಬೆನ್ನಿಗೆ ಅಂಟಿದ್ದ ಬೇಗಡೆ, ಈರುಳ್ಳಿ ಸಿಪ್ಪೆಗಿಂತ ತೆಳುವಾದ, ಕೆಂಪು ಬಣ್ಣ ಹಾಕಿದ ಲೋಹದ ಹಾಳೆ, ಒಂದು ಮೂಲೆಯಲ್ಲಿ ಕಪ್ಪಾಗಿತ್ತಾದರೂ ಮಿಕ್ಕ ಕಡೆ ಇನ್ನೂ ಹೊಳೆಯುತ್ತಿತ್ತು. ಹರಳನ್ನು ಬಿಳಿಯ ಕಾಗದದ ಮೇಲಿಟ್ಟಾಗ ಕೆಂಪು ಹೋಗಿ ನಸುಗುಲಾಬಿ ಉಳಿಯಿತು. ಇಷ್ಟು ದಿನ ನೋಡಿದ ಕೆಂಪಿನಲ್ಲಿ ಅರ್ಧ ಆ ಬೇಗಡೆಯದು. ಒಳಗೆ ರೇಷ್ಮೆ ಎಂದು ನಾವು ಕರೆಯುವ, ಅರವತ್ತು ಡಿಗ್ರಿ ಕೋನದಲ್ಲಿ ಒಂದನ್ನೊಂದು ಹಾಯುವ ಸೂಜಿಗಳು ಅಖಂಡವಾಗಿದ್ದವು. ಹೆಚ್ಚಿನ ಶಾಖ ಕೊಟ್ಟಿದ್ದರೆ ಅವು ಕರಗಿ ಚುಕ್ಕೆಗಳಾಗಿರುತ್ತಿದ್ದವು. ಅಂದರೆ ಇದು ಏನೂ ಸಂಸ್ಕಾರ ಮಾಡದ, ನೈಸರ್ಗಿಕ ಕುರುವಿಂದ, ಮಾಣಿಕ್ಯ ಮತ್ತು ನೀಲ ಎರಡಕ್ಕೂ ಮೂಲವಾದ ಖನಿಜ. ಆದರೆ ಇದನ್ನು ಮಾಣಿಕ್ಯವೆನ್ನುವುದೋ, ಗುಲಾಬಿ ನೀಲವೆನ್ನುವುದೋ? ಕುರುವಿಂದ ಕೆಂಪಾಗಿದ್ದರೆ ಮಾಣಿಕ್ಯ, ಬೇರೆ ಬಣ್ಣದ್ದಾದರೆ ನೀಲದ ಬಳಗ ಎಂಬುದು ಇಂದಿನ ರೂಢಿ. ಗುಲಾಬಿ ಎಲ್ಲಿ ಮುಗಿದು ಕೆಂಪು ಎಲ್ಲಿ ಶುರುವಾಗುತ್ತದೆ ಎಂಬುದರಲ್ಲಿ ಪ್ರಯೋಗಾಲಯಗಳೇ ಒಮ್ಮತಕ್ಕೆ ಬರುವುದಿಲ್ಲ. ನಾನು ಅದನ್ನು ತಿಳಿಬಣ್ಣದ ಮಾಣಿಕ್ಯವೆಂದು ಬರೆದೆ. ಇನ್ನೊಬ್ಬರು ಬೇರೆ ಬರೆದರೆ ಅವರದು ತಪ್ಪೆನ್ನಲಾರೆ.

ಉಂಗುರದ ಹರಳು ನಿಜವಾದ ವೈಡೂರ್ಯ, ಅಂದರೆ ಕ್ರೈಸೊಬೆರಿಲ್. ಜೇನು ಬಣ್ಣದ ಮೈಮೇಲೆ ಬೆಳ್ಳಿಯ ಗೆರೆ ನೆಟ್ಟಗೆ ಓಡುತ್ತಿತ್ತು, ಉಬ್ಬಿನ ಮೇಲೆ ತೆಗೆದ, ಬೆಳಕು ಬಾಗುವ ಸೂಚ್ಯಂಕ 1.75ರ ಹತ್ತಿರ ಬಂತು. ವೈಡೂರ್ಯಕ್ಕೆ ಇಲ್ಲಿ ಹೇಳುವ ಲಸಣಿಯಾ ಎಂಬ ಹೆಸರಿನಲ್ಲೇ ಅಂಗಡಿಗಳಲ್ಲಿ ಸಿಗುವ ಅಗ್ಗದ ಸ್ಫಟಿಕಶಿಲೆಯ ಬೆಕ್ಕಿನಕಣ್ಣಿಗೆ ಅದು 1.54ರಷ್ಟೇ ಇರುತ್ತದೆ. ಮುತ್ತುಗಳು ಸಾಕಿದವು. ದಾರದ ತೂತಿನೊಳಗೆ ಹತ್ತು ಪಟ್ಟಿನ ಲೆನ್ಸಿನಲ್ಲಿ ನೋಡಿದರೆ ಒಳಗಿನ ಚಿಪ್ಪಿನ ಗುಂಡಿಗೂ ಮೇಲಿನ ಮುತ್ತಿನ ಪದರಕ್ಕೂ ನಡುವಿನ ಗೆರೆ ಕಾಣುತ್ತಿತ್ತು.

ವರದಿ ಕೈಗೆ ಬಂದ ಮೇಲೆ ಉಯಿಲಿನ ಪದಗಳಿಗೆ ಅರ್ಥ ಹಚ್ಚುವ ಕೆಲಸ ಉಳಿಯಿತು. ವಕೀಲರ ಸಲಹೆ ಬೇರೆ ಇತ್ತು. ನನ್ನನ್ನು ಕೇಳಿದ್ದು ಹರಳಿನ ಕಡೆಯಿಂದ ಈ ಪದಗಳು ಏನು ಹೇಳುತ್ತವೆ ಎಂದಷ್ಟೇ. 19ನೆಯ ಶತಮಾನದ ಯೂರೋಪಿನ ವ್ಯಾಪಾರದಲ್ಲಿ ಬೇರೂರಿದ ರೂಢಿಯಂತೆ ವಜ್ರ, ಮಾಣಿಕ್ಯ, ನೀಲ, ಪಚ್ಚೆ ಈ ನಾಲ್ಕೇ ಪ್ರೆಷಸ್, ಮಿಕ್ಕ ಕಲ್ಲುಗಳೆಲ್ಲ ಸೆಮಿ ಪ್ರೆಷಸ್. ಹಾಗೆ ಓದಿದರೆ ಅಡ್ಡಿಕೆಯೊಂದೇ ಹಿರಿಯಳದು. ಪದಕ, ಉಂಗುರ, ಮುತ್ತು ಮೂರೂ ಕಿರಿಯಳವು. ನಮ್ಮ ನವರತ್ನದ ಲೆಕ್ಕ ಹಿಡಿದರೆ ಮುತ್ತೂ ವೈಡೂರ್ಯವೂ ರತ್ನಗಳೇ; ಆಗ ಕಿರಿಯಳಿಗೆ ಉಳಿಯುವುದು ಪದಕ ಮಾತ್ರ, ಏಕೆಂದರೆ ಸ್ಪಿನೆಲ್ ಒಂಬತ್ತರಲ್ಲಿ ಇಲ್ಲ. ಆ ಒಂಬತ್ತರೊಳಗೂ ವಜ್ರ, ಮುತ್ತು, ಮಾಣಿಕ್ಯ, ನೀಲ, ಮರಕತಗಳನ್ನು ಮಹಾರತ್ನಗಳೆಂದೂ ಗೋಮೇಧಿಕ, ಪುಷ್ಯರಾಗ, ವೈಡೂರ್ಯ, ಹವಳಗಳನ್ನು ಉಪರತ್ನಗಳೆಂದೂ ವಿಂಗಡಿಸುವ ಸಂಪ್ರದಾಯವಿದೆ; ಅದನ್ನು ಒಪ್ಪಿದರೆ ಉಂಗುರ ಮತ್ತೆ ಕಿರಿಯಳ ಕಡೆಗೆ ಬರುತ್ತದೆ. ಒಂದೇ ಪೆಟ್ಟಿಗೆ, ಮೂರು ಹಂಚಿಕೆ. ಇನ್ನು ಅಡ್ಡಿಕೆಯ ಹದಿಮೂರು ಕೃತಕ ಹರಳುಗಳು ರಾಸಾಯನಿಕವಾಗಿ ಅಪ್ಪಟ ಮಾಣಿಕ್ಯ, ಗಡಸುತನವೂ ಅದೇ 9. ಆದರೂ ಅವುಗಳಿಗೆ ಬೆಲೆಯೆಂಬುದು ಹೆಸರಿಗಷ್ಟೆ. ಖನಿಜದ ಹೆಸರೊಂದೇ ಮೌಲ್ಯ ತರುವುದಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇಂಗ್ಲಿಷಿನ ಆ ಜೋಡಿಗೆ ನಾವು ಅಮೂಲ್ಯ, ಅರೆ ಅಮೂಲ್ಯ ಎಂದು ಬರೆಯುತ್ತ ಬಂದಿದ್ದೇವೆ. ಅಮೂಲ್ಯವೆಂದರೆ ಬೆಲೆ ಕಟ್ಟಲಾಗದ್ದು. ಬೆಲೆ ಕಟ್ಟಲಾಗದ್ದರಲ್ಲಿ ಅರ್ಧವೆಂದರೆ ಏನು ಎಂದು ಯೋಚಿಸಿದಾಗಲೆಲ್ಲ ಈ ಅನುವಾದ ನನಗೆ ಕಸಿವಿಸಿ ತರುತ್ತದೆ. ಜಾಗತಿಕ ಆಭರಣ ಒಕ್ಕೂಟವಾದ ಸಿಬ್ಜೋ, ಸೆಮಿ ಪ್ರೆಷಸ್ ಎಂಬ ಪದ ದಾರಿ ತಪ್ಪಿಸುವಂಥದ್ದು, ಬಳಸಬಾರದು ಎನ್ನುತ್ತದೆ. ಸುಂಕದ ಪಟ್ಟಿ ಮಾತ್ರ ಪದವನ್ನು ಬಿಟ್ಟಿಲ್ಲ. ಆದರೆ ಅಲ್ಲಿಯೂ ವಜ್ರದ ಹೊರತು ಎರಡೂ ಬಗೆಯ ಹರಳುಗಳು 7103 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ, ಒಳಗೆ ಹೋದ ಮೇಲಷ್ಟೇ ಮಾಣಿಕ್ಯ, ನೀಲ, ಪಚ್ಚೆಗಳಿಗೆ ಬೇರೆ ಸಾಲು.

ಈ ಹಂತದಲ್ಲಿ ಪ್ರಕರಣ ತಿರುವು ತೆಗೆದುಕೊಂಡಿತು. ಮೂರೂ ಓದಿನಲ್ಲಿ ಪದಕ ಕಿರಿಯಳಿಗೇ ಹೋಗುತ್ತದೆಂದು ಸ್ಪಷ್ಟವಾಗಿತ್ತು. ಆದರೆ ಮೌಲ್ಯಮಾಪನದ ಹಾಳೆ ನೋಡಿದ ಹಿರಿಯಳು ನ್ಯಾಯವಾದ ಒಂದು ಪ್ರಶ್ನೆ ಎತ್ತಿದರು: "ನನ್ನ ಅಡ್ಡಿಕೆಯ ಇಪ್ಪತ್ತೊಂದು ಹರಳು ಸೇರಿದರೂ ಆ ಒಂದು ಹರಳಿನ ಬೆಲೆಗೆ ಬರುವುದಿಲ್ಲ ಅಂತ ನೀವೇ ಬರೆದಿದ್ದೀರಿ. ಹಾಗಾದ ಮೇಲೆ ಅದು ಪ್ರೆಷಸ್ ಅಲ್ಲದೆ ಇನ್ನೇನು, ಸರ್?" ಕಿರಿಯಳು ಅವರ ಕಡೆ ನೋಡದೆಯೇ, "ಅಕ್ಕ, ಇಲ್ಲಿವರೆಗೆ ಹೆಸರು ನೋಡಿ ಅಂದವಳು ನೀನೇ ಅಲ್ವಾ" ಎಂದರು. ಮಾತು ಬೆಳೆಯಲಿಲ್ಲ, ಆದರೆ ಪ್ರಶ್ನೆ ಉಳಿಯಿತು.

ಹಿರಿಯಳ ವಾದವನ್ನು ತಳ್ಳಿಹಾಕುವುದು ಸರಿಯಲ್ಲ ಎಂದು ನನಗೆ ಅನ್ನಿಸಿತು, ಏಕೆಂದರೆ ಬೆಲೆಯನ್ನು ಬಿಟ್ಟು ಆ ಪದಕ್ಕೆ ಬೇರೆ ತಿರುಳಿಲ್ಲ. ತೊಡಕಿರುವುದು, ಬೆಲೆ ನಿಲ್ಲುವ ವಸ್ತುವಲ್ಲ ಎಂಬಲ್ಲಿ. ಇದೇ ಮುಂಬಯಿ ಒಂದು ಕಾಲಕ್ಕೆ ಕೊಲ್ಲಿಯ ಮುತ್ತಿನ ದೊಡ್ಡ ಮಾರುಕಟ್ಟೆಯಾಗಿತ್ತು. ಬಸ್ರಾ ಮುತ್ತು ಎಂಬ ಹೆಸರು ಇಲ್ಲಿನ ಅಂಗಡಿಗಳಲ್ಲಿ ಇನ್ನೂ ಬದುಕಿದೆ. 1917ರಲ್ಲಿ ಫ್ರಾನ್ಸಿನ ಆಭರಣ ಸಂಸ್ಥೆ ಕಾರ್ಟಿಯೇ ನ್ಯೂಯಾರ್ಕಿನಲ್ಲಿ ತನ್ನ ಕಟ್ಟಡವನ್ನು ಪಡೆದದ್ದು ನೂರು ಡಾಲರ್ ಮತ್ತು ಹತ್ತು ಲಕ್ಷ ಡಾಲರ್ ಬೆಲೆಯ ಎರಡೆಳೆ ನೈಸರ್ಗಿಕ ಮುತ್ತಿನ ಸರವನ್ನು ಕೊಟ್ಟು. ಜಪಾನಿನ ಸಾಕಿದ ಮುತ್ತು ಬಂದು, ಅದರ ಬೆನ್ನಿಗೇ ಆರ್ಥಿಕ ಮುಗ್ಗಟ್ಟೂ ಬಂದು ಆ ವ್ಯಾಪಾರ ಕುಸಿಯಿತು. ನೇರಳೆ ಬಣ್ಣದ ಅಮೆಥಿಸ್ಟ್ ಯೂರೋಪಿನಲ್ಲಿ ಮಾಣಿಕ್ಯ, ಪಚ್ಚೆಗಳ ಪಂಕ್ತಿಯಲ್ಲೇ ಕೂರುತ್ತಿದ್ದದ್ದು, ಬ್ರೆಜಿಲಿನಲ್ಲಿ ಅದು ರಾಶಿಗಟ್ಟಲೆ ಸಿಕ್ಕ ಮೇಲೆ ಎದ್ದುಹೋಯಿತು. ಸ್ಪಿನೆಲ್‌ನದು ಇದಕ್ಕೆ ತದ್ವಿರುದ್ಧ ದಾರಿ. 1999ರಲ್ಲಿ ಉಯಿಲು ಬರೆಸುವಾಗ ಅದನ್ನು ಕೇಳುವವರು ಕಡಿಮೆ. 2007ರಲ್ಲಿ ಟಾಂಜಾನಿಯಾದ ಮಹೆಂಗೆಯಲ್ಲಿ ದೊಡ್ಡ ದೊಡ್ಡ ಹರಳುಗಳು ಸಿಕ್ಕು ಜಗತ್ತಿನ ಕಣ್ಣು ಅತ್ತ ಹೊರಳಿತು. ಮಾಣಿಕ್ಯದಲ್ಲಿ ಶಾಖ ಕಾಣದ ಹರಳು ಅಪರೂಪವಾಗಿರುವಾಗ ಸ್ಪಿನೆಲ್ ಸಾಮಾನ್ಯವಾಗಿ ಏನೂ ಮಾಡದೆ ಹಾಗೇ ಬರುತ್ತದೆಂಬುದೂ ಬೇಡಿಕೆ ಹೆಚ್ಚಿಸಿತು. ಅಂದರೆ ಬೆಲೆಯನ್ನೇ ಒರೆಗಲ್ಲು ಮಾಡಿಕೊಂಡರೆ, ಈ ಪದಕ ಮಾಟುಂಗದ ಕಪಾಟಿನಲ್ಲಿ ಅಲುಗದೆ ಕುಳಿತೇ ಒಂದು ವರ್ಗದಿಂದ ಇನ್ನೊಂದಕ್ಕೆ ದಾಟಿದಂತಾಯಿತು. ಉಯಿಲು ಬರೆದ ದಿನ ಕಿರಿಯಳದು, ತಾಯಿ ತೀರಿದ ದಿನ ಹಿರಿಯಳದು ಎನ್ನಬೇಕಾಗುತ್ತದೆ.

ಬೆಲೆ ಕಟ್ಟುವಾಗ ನಾವು ನೋಡುವುದು ಆ ಒಂದು ಹರಳನ್ನು, ಅದರ ಜಾತಿಯನ್ನಲ್ಲ. ಬಣ್ಣ ಎಷ್ಟು ತುಂಬಿದೆ, ಅದರಲ್ಲಿ ಕಂದೋ ಕಪ್ಪೋ ಬೆರೆತಿದೆಯೇ, ಕಣ್ಣಿಗೆ ಕಾಣುವ ಕುಂದು ಇದೆಯೇ, ಆ ಗಾತ್ರದಲ್ಲಿ ಅಂಥದ್ದು ಎಷ್ಟು ಸಿಗುತ್ತದೆ, ಮನುಷ್ಯರು ಅದಕ್ಕೆ ಏನು ಮಾಡಿದ್ದಾರೆ, ಯಾವ ಗಣಿಯದು, ಇಂದು ಅದನ್ನು ಬಯಸುವವರು ಎಷ್ಟು ಜನ. ನಮ್ಮ ಮೈಸೂರು ಸೀಮೆಯಲ್ಲೇ ಮಾಣಿಕ್ಯ ಸಿಗುತ್ತದೆ. ಹೆಚ್ಚಿನವು ಪಾರಕವಲ್ಲದ, ಮಂಕು ಕೆಂಪಿನ, ಗುಂಡಗೆ ಉಜ್ಜಿ ಮಾರುವ ಕಲ್ಲುಗಳು. ನಾಲ್ವರ ಪಟ್ಟಿಯಲ್ಲಿ ಹೆಸರಿದ್ದೂ ಅವುಗಳಿಗೆ ಸಿಗುವ ಹಣ ಅಲ್ಪ. ಮೊಜಾಂಬಿಕ್‌ನಿಂದ ಬಂದ 55.22 ಕ್ಯಾರೆಟಿನ ಒಂದು ಮಾಣಿಕ್ಯ 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 3.48 ಕೋಟಿ ಡಾಲರಿಗೆ ಹೋಯಿತು. ಎರಡೂ ಮಾಣಿಕ್ಯವೇ. ಬಿರುಕುಗಳಿಗೆ ಸೀಸದ ಗಾಜು ತುಂಬಿ ಹೊಳಪು ಬರಿಸಿದ ಮಾಣಿಕ್ಯಗಳು 2004ರ ಸುಮಾರಿನಿಂದ ಪೇಟೆಗೆ ಬರುತ್ತಿವೆ. ಅವೂ ಹೆಸರಿಗೆ ಮಾಣಿಕ್ಯವೇ, ಆದರೆ ನಿಂಬೆರಸ ತಗುಲಿದರೆ ಅಥವಾ ಆಚಾರ್ರ ಬೆಂಕಿ ತಾಗಿದರೆ ತುಂಬಿದ ಗಾಜು ಕೆಡುತ್ತದೆ. ಹೆಸರು ನಂಬಿ ಇಂಥದ್ದಕ್ಕೆ ವರ್ಷದ ಉಳಿತಾಯ ಸುರಿದವರನ್ನು ನಾನು ಕಂಡಿದ್ದೇನೆ. ಈ ಎರಡು ಪದಗಳ ಮೇಲೆ ನನಗೆ ಕೋಪವಿದ್ದರೆ ಅದು ಆ ಮುಖಗಳಿಗಾಗಿ.

ಕೊನೆಗೆ ದಾರಿ ತೋರಿದ್ದು ಪೆಟ್ಟಿಗೆಯೇ. ಪದಕದ ಡಬ್ಬಿಯ ಮಖಮಲ್ಲಿನ ಕೆಳಗೆ ನಾಲ್ಕು ಮಡಿಕೆಯ ರಸೀದಿಯೊಂದು ಸಿಕ್ಕಿತು. 1974ರದು, ಜವೇರಿ ಬಜಾರಿನ ಅಂಗಡಿಯದು, ಗುಜರಾತಿ ಲಿಪಿಯಲ್ಲಿ ಒಂದೇ ಸಾಲು: ಲಾಲಡಿ, ಒಂದು, ನಾಲ್ಕೂವರೆ ರತ್ತಿ. ಇಲ್ಲಿನ ಹರಳಿನ ರತ್ತಿ ಸುಮಾರು 0.91 ಕ್ಯಾರೆಟ್, ಗುಣಿಸಿದರೆ ನನ್ನ ತಕ್ಕಡಿಯ 4.12ಕ್ಕೆ ತೀರ ಹತ್ತಿರ. ಹಿಂಬದಿಯಲ್ಲಿ ತಾಯಿಯ ಕನ್ನಡ ಅಕ್ಷರ: 'ಚೀಟಿ ದುಡ್ಡಿನದು'. ಚೀಟಿ ಹಾಕಿ ಕೂಡಿಸಿದ ಹಣದಲ್ಲಿ ಅವರು ಅದನ್ನು ತಾವೇ ಕೊಂಡಿದ್ದರು, ಲಾಲಡಿ ಎಂದು ತಿಳಿದೇ ಕೊಂಡಿದ್ದರು. ಮನೆಮಂದಿ ಕೆಂಪಿನ ಪದಕವೆಂದು ಕರೆದದ್ದು ಬಣ್ಣ ನೋಡಿ. ಉಯಿಲು ಬರೆಸುವಾಗ ಅವರ ಮನಸ್ಸಿನಲ್ಲಿ ಇದು ಮಾಣಿಕ್ಯದ ಸಾಲಿನಲ್ಲಿ ಇರಲಿಲ್ಲವೆಂದು ನಾನು ನನ್ನ ಟಿಪ್ಪಣಿಯಲ್ಲಿ ಬರೆದೆ. ಹರಳಿನ ಕಡೆಯಿಂದ ಹೇಳಬಹುದಾದದ್ದು ಅಷ್ಟೇ. ಹಿರಿಯಳು ರಸೀದಿಯ ಹಿಂಬದಿಯನ್ನು ಬಹಳ ಹೊತ್ತು ನೋಡಿ, ತಂಗಿಯ ಕೈಗೆ ಕೊಟ್ಟರು.

ಪದಕ ಕಿರಿಯಳಿಗೆ ಹೋಯಿತು. ಅಡ್ಡಿಕೆಯ ಜೊತೆ ಮುತ್ತಿನ ಸರವನ್ನೂ ಹಿರಿಯಳು ಇಟ್ಟುಕೊಳ್ಳುವುದೆಂದು ಇಬ್ಬರೂ ಒಪ್ಪಿಕೊಂಡರು. ವೈಡೂರ್ಯದ ಉಂಗುರ ಮಾತ್ರ ಯಾರ ಪಾಲಿಗೂ ಬಾರದೆ, ಇಬ್ಬರ ಹೆಸರಿನ ಬ್ಯಾಂಕ್ ಲಾಕರಿನಲ್ಲಿದೆ. ಅಡ್ಡಿಕೆಯ ಗಾಜು, ಕೃತಕ ಹರಳುಗಳನ್ನು ತೆಗೆದು ಬೇರೆ ಹಾಕಿಕೊಡಲೇ ಎಂದು ಆಚಾರ್ರು ಕೇಳಿದಾಗ ಹಿರಿಯಳು ಬೇಡವೆಂದರು. ನಡುವಿನ ಹರಳನ್ನು ಮರಳಿ ಕೂರಿಸುವ ದಿನ ಆಚಾರ್ರು ಹೊಸ ಬೇಗಡೆ ಕತ್ತರಿಸಿ ಇಟ್ಟುಕೊಂಡಿದ್ದರು. ಹಿರಿಯಳು ಹಳೆಯದನ್ನು ಚಿಮಟದಲ್ಲಿ ಎತ್ತಿ ತೋರಿಸಿ, "ಆಚಾರ್ರೇ, ಇದನ್ನೇ ಹಾಕಲಿಕ್ಕಾಗುತ್ತದಾ?" ಎಂದು ಕೇಳಿದರು. ಕಪ್ಪಾದ ಮೂಲೆಯನ್ನು ಕಟ್ಟಿನ ಅಂಚಿನ ಕಡೆಗೆ ತಿರುಗಿಸಿ, ಆಚಾರ್ರು ಅದನ್ನೇ ಹರಳಿನ ಕೆಳಗಿಟ್ಟು ಅಂಚನ್ನು ಒತ್ತಿದರು.